300 ಮೈಲಿಯ ಪುಟ್ಟ ದೋಣಿ ಓಟಕ್ಕೆ ಸ್ವಂತ ದೋಣಿ ಕಟ್ಟಬೇಕಾ, ಕೊಳ್ಳಬೇಕಾ?

ಕೆರೆಏರಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವನು. ಹನ್ನೊಂದು ವರ್ಷದಿಂದ ಫ್ಲಾರಿಡಾದ ಟ್ಯಾಂಪಾ ಹತ್ತಿರ ಇದ್ದೇನೆ. ಈ ಮಾರ್ಚ್‌ನ ಮೊದಲ ಶನಿವಾರ ಬೆಳಗಿನ ಜಾವವೇ ಫೋರ್ಟ್ ಡಿ ಸೋಟೊ ಪಾರ್ಕಿನ ದಡಕ್ಕೆ ಹೋಗಿದ್ದೆ, ಎವರ್‌ಗ್ಲೇಡ್ಸ್ ಚಾಲೆಂಜ್ ಶುರುವಾಗುವುದನ್ನು ನೋಡಲು. ಅವತ್ತಿನಿಂದ ತಲೆಯಲ್ಲಿ ಬೇರೆ ಏನೂ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅಲ್ಲಿಂದ ಕೀ ಲಾರ್ಗೊವರೆಗೆ ಸುಮಾರು 300 ಮೈಲಿ, ಅಂದರೆ 480 ಕಿಲೋಮೀಟರ್. 8 ದಿನದ ಗಡುವು. ಮೋಟಾರ್ ಇಲ್ಲ. ಹಾಯಿ, ಹುಟ್ಟು, ನಿಮ್ಮ ತೋಳು, ಅಷ್ಟೇ. ವಾಟರ್‌ಟ್ರೈಬ್ ಅನ್ನುವ ಗುಂಪು 2001ರಿಂದ ನಡೆಸುತ್ತಿದೆ. ದುಡ್ಡಿನ ಬಹುಮಾನ ಇಲ್ಲ. ಮುಗಿಸಿದವರ ಕೊರಳಿಗೆ ಶಾರ್ಕ್ ಹಲ್ಲಿನ ಸರ ಹಾಕುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಶುರುವಿನ ನಿಯಮ. ದೋಣಿಗಳೆಲ್ಲ ಉಬ್ಬರದ ಗೆರೆಯಿಂದ ಮೇಲೆ, ಒಣ ಮರಳಿನ ಮೇಲೆ ಸಾಲಾಗಿ ನಿಂತಿರುತ್ತವೆ. 7 ಗಂಟೆಗೆ ಸೂಚನೆ ಸಿಕ್ಕ ಮೇಲೆ ನಿಮ್ಮ ದೋಣಿಯನ್ನು ನೀವೇ ನೀರಿಗೆ ಇಳಿಸಬೇಕು. ಬೇರೆಯವರು ಕೈ ಹಾಕುವಂತಿಲ್ಲ. ಉರುಳೆ, ಹಲಗೆ, ಹಗ್ಗ, ರಾಟೆ ಬಳಸಬಹುದು. ಆದರೆ ಬಳಸಿದ್ದನ್ನೆಲ್ಲ ದೋಣಿಯಲ್ಲೇ ಹೇರಿಕೊಂಡು ಹೋಗಬೇಕು.

ಕಯಾಕಿನವರು ಎರಡು ನಿಮಿಷದಲ್ಲಿ ಹೊರಟರು. ಕೊನೆಗೆ ಒಬ್ಬ ಹಿರಿಯರು ಉಳಿದರು. ಎಪ್ಪತ್ತರ ಹತ್ತಿರ ಇರಬೇಕು. ಪ್ಲೈವುಡ್ ದೋಣಿ, ತಾವೇ ಗ್ಯಾರೇಜಿನಲ್ಲಿ ಕಟ್ಟಿದ್ದು ಅಂತ ಹಿಂದಿನ ಸಂಜೆ ಹೇಳಿದ್ದರು. ಮೂತಿಯನ್ನು ಒಂದಡಿ ಈಚೆಗೆ ತಿರುಗಿಸುವುದು, ಆಮೇಲೆ ಹಿಂಭಾಗವನ್ನು ಒಂದಡಿ ಆಚೆಗೆ. ಹೀಗೇ ನಲವತ್ತು ನಿಮಿಷ. ದಡದಲ್ಲಿ ನಿಂತ ನಾವು ಮುಷ್ಟಿ ಬಿಗಿಹಿಡಿದು ನೋಡುತ್ತಿದ್ದೆವು. ನೀರು ಮುಟ್ಟಿದಾಗ ನನ್ನ ಕಣ್ಣು ಒದ್ದೆಯಾಯಿತು, ಸುಳ್ಳಲ್ಲ.

ನನಗೆ 44. ಈಜು ಬರುತ್ತದೆ. ಒಂದು ವರ್ಷದಿಂದ ಕ್ಲಬ್ಬಿನ ಸಣ್ಣ ಹಾಯಿದೋಣಿ ಓಡಿಸುತ್ತಿದ್ದೇನೆ. ಮರಗೆಲಸ ಅಂದರೆ ಒಂದು ಪುಸ್ತಕದ ಕಪಾಟು ಮಾಡಿದ್ದೇನೆ. ಎರಡು ವರ್ಷದ ಸಮಯ ಇಟ್ಟುಕೊಂಡಿದ್ದೇನೆ. ಕಟ್ಟಬೇಕಾ, ಹಳೆಯದೊಂದು ಕೊಳ್ಳಬೇಕಾ? ಅನುಭವ ಇದ್ದವರು ಹೇಳಿ.

ಪಡುಗಡಲು

ಮಲ್ಪೆಯಿಂದ ಬರೆಯುತ್ತಿದ್ದೇನೆ. ನಮ್ಮದು ಮೀನುಗಾರಿಕೆ ಮನೆ. ನಿಮ್ಮ ಪ್ರಶ್ನೆಗೆ ಮೊದಲು ನನ್ನದೊಂದು ಪ್ರಶ್ನೆ ಮಾರಾಯ್ರೆ. ಒಣ ಮರಳಿನ ಮೇಲೆ ನೀವೊಬ್ಬರೇ ಎಷ್ಟು ಕಿಲೋ ಎಳೆಯುತ್ತೀರಿ?

ನಮ್ಮಜ್ಜನ ಪಾತಿ ದೋಣಿಯನ್ನು ಮೇಲೆ ತರುವಾಗ ಅಡಿಗೆ ಎಣ್ಣೆ ಸವರಿದ ಮರದ ತುಂಡು ಇಡುತ್ತಿದ್ದರು. ಅಷ್ಟಿದ್ದೂ ಐಲೇಸಾ ಅನ್ನಲು ಏಳೆಂಟು ಜನ ಬೇಕಿತ್ತು. ನೀವು ಒಬ್ಬರೇ. ಹಸಿ ಮರಳು ಬೇರೆ, ಒಣ ಮರಳು ಬೇರೆ. ಒಣ ಮರಳು ದೋಣಿಯನ್ನು ನುಂಗುತ್ತದೆ. ಹಾಗಾಗಿ ಚಂದದ ನಕ್ಷೆ ನೋಡುವ ಮೊದಲು ಒಂದು ಕೆಲಸ ಮಾಡಿ. ಮರಳಿನ ಚೀಲಗಳನ್ನು ಒಂದು ಹಲಗೆಯ ಮೇಲೆ ಕಟ್ಟಿ ಎಳೆದು ನೋಡಿ. ಎಷ್ಟಕ್ಕೆ ನಿಲ್ಲುತ್ತೀರೋ ಅದು ನಿಮ್ಮ ದೋಣಿಯ ತೂಕ, ಸಾಮಾನು ಮತ್ತು ಕುಡಿಯುವ ನೀರು ಸೇರಿ. ದಿನಕ್ಕೆ 4 ಲೀಟರ್ ಅಂದರೂ 8 ದಿನಕ್ಕೆ 32 ಕಿಲೋ ಬರೀ ನೀರು.

ಉಪ್ಪುಗಾಳಿ

ಕೊಂಡುಕೊಳ್ಳಿ. ಯೋಚನೆಯೇ ಬೇಡ.

ನಾನು ಹ್ಯೂಸ್ಟನ್‌ನಲ್ಲಿರುವುದು. ಟೆಕ್ಸಾಸ್ 200 ಎರಡು ಸಲ ಮಾಡಿದ್ದೇನೆ. ಅದು ಓಟವಲ್ಲ, ಜೊತೆಯಾಗಿ ಹೋಗುವ ಯಾತ್ರೆ. ಜೂನ್ ತಿಂಗಳ ಬಿಸಿಲಲ್ಲಿ ಟೆಕ್ಸಾಸ್ ಕರಾವಳಿಯುದ್ದಕ್ಕೂ ಸುಮಾರು 200 ಮೈಲಿ. ನನ್ನದು ಇಪ್ಪತ್ತೈದು ವರ್ಷ ಹಳೆಯ ಫೈಬರ್ ದೋಣಿ. ಎರಡು ವಾರಾಂತ್ಯದಲ್ಲಿ ಹಗ್ಗ, ರಾಟೆ ಬದಲಾಯಿಸಿ ಹೊರಟೆ. ನನ್ನ ಜೊತೆ ಸೇರಬೇಕಿದ್ದ ಗೆಳೆಯ ನಾಲ್ಕು ವರ್ಷದಿಂದ ದೋಣಿ ಕಟ್ಟುತ್ತಲೇ ಇದ್ದಾನೆ. ಆ ನಾಲ್ಕು ವರ್ಷ ಅವನು ನೀರಿಗೆ ಇಳಿದೇ ಇಲ್ಲ. ದೂರ ಮುಗಿಸುವುದು ಮರಗೆಲಸ ಅಲ್ಲ. ಗಾಳಿ ಜಾಸ್ತಿಯಾಗುವ ಮೊದಲೇ ಹಾಯಿ ಮಡಿಸಿ ಚಿಕ್ಕದು ಮಾಡುವ ಬುದ್ಧಿ, ರಾತ್ರಿ ಎಲ್ಲಿ ನಿಲ್ಲಬೇಕು ಅನ್ನುವ ಅಂದಾಜು. ಅದು ಗ್ಯಾರೇಜಿನಲ್ಲಿ ಸಿಗುವುದಿಲ್ಲ.

ಕಟ್ಟಲೇಬೇಕು ಅಂತಿದ್ದರೆ ಪಡಲ್ ಡಕ್ ರೇಸರ್ ಕಟ್ಟಿ. 8 ಅಡಿ ಉದ್ದ, 4 ಅಡಿ ಅಗಲದ ಪೆಟ್ಟಿಗೆ. ನೋಡಲು ಪೆಟ್ಟಿಗೆಯೇ. ಮೂರ್ನಾಲ್ಕು ಹಾಳೆ ಪ್ಲೈವುಡ್ಡಿನಲ್ಲಿ ಮುಗಿಯುತ್ತದೆ. ಅಂಥದ್ದರಲ್ಲೇ ಟೆಕ್ಸಾಸ್ 200 ಮುಗಿಸಿದವರಿದ್ದಾರೆ. ಅವರ ಮೇಲೆ ನನಗೆ ದೊಡ್ಡ ಗೌರವ.

ಕಾಳಿಅಳಿವೆ

ಉಪ್ಪುಗಾಳಿ ಸರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ಉತ್ತರ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನು ಕಾರವಾರದಲ್ಲಿ 12 ಅಡಿಯ ಹಾಯಿದೋಣಿ ಕಟ್ಟಿದ್ದೇನೆ. ಹೊಲಿದು ಅಂಟಿಸುವ ಪದ್ಧತಿ, ಸ್ಟಿಚ್ ಆ್ಯಂಡ್ ಗ್ಲೂ ಅಂತಾರಲ್ವಾ, ಅದೇ. ಪ್ಲೈವುಡ್ ಹಾಳೆಯಿಂದ ನಕ್ಷೆಯ ಪ್ರಕಾರ ತುಂಡು ಕತ್ತರಿಸುವುದು. ಅಂಚಿನಲ್ಲಿ ಗೇಣಿಗೊಂದು ತೂತು. ಎರಡು ತುಂಡು ಪಕ್ಕ ಪಕ್ಕ ಇಟ್ಟು ತಾಮ್ರದ ತಂತಿಯಿಂದ ಹೊಲಿಯುವುದು. ತಂತಿ ತಿರುಚುತ್ತಾ ಹೋದ ಹಾಗೆ ನೆಲದಲ್ಲಿ ಚಪ್ಪಟೆ ಬಿದ್ದಿದ್ದ ಹಾಳೆ ಮೇಲೆದ್ದು ದೋಣಿಯ ಆಕಾರಕ್ಕೆ ಬರುತ್ತದೆ. ಆ ಒಂದು ಮಧ್ಯಾಹ್ನಕ್ಕೋಸ್ಕರವಾದರೂ ಎಲ್ಲರೂ ಒಂದು ದೋಣಿ ಕಟ್ಟಬೇಕು ಅನ್ನಿಸುತ್ತದೆ. ಆಮೇಲೆ ಒಳಗಿನ ಮೂಲೆಗೆ ಎಪಾಕ್ಸಿಯಲ್ಲಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಮರದ ಹುಡಿ ಕಲಸಿದ ಮುದ್ದೆ ತುಂಬಿ, ದುಂಡಗೆ ಸವರಿ, ಮೇಲೆ ಫೈಬರ್ ಗ್ಲಾಸಿನ ಪಟ್ಟಿ ಹಾಕುವುದು. ಗಟ್ಟಿಯಾದ ಮೇಲೆ ತಂತಿ ಕಿತ್ತು ಹೊರಗಡೆಯೂ ಪಟ್ಟಿ.

ಈ ಪದ್ಧತಿ ಮನೆಮನೆಗೆ ಬಂದಿದ್ದು ಇಂಗ್ಲೆಂಡಿನಲ್ಲಿ 1963ರಲ್ಲಿ ಬಂದ ಮಿರರ್ ಡಿಂಗಿಯಿಂದ. ಒಂದು ದಿನಪತ್ರಿಕೆಯ ಹೆಸರಿನ ದೋಣಿ ಅದು, ಕೆಂಪು ಹಾಯಿ. ಸಾಮಾನ್ಯ ಕುಟುಂಬದವರು ಮನೆಯಲ್ಲೇ ಜೋಡಿಸಲಿ ಅಂತ ಮಾಡಿದ್ದು. ಮುಂದೆ 70 ಸಾವಿರದಷ್ಟು ಆದವು.

ನಮ್ಮ ಕರಾವಳಿಗೆ ಹೊಲಿಗೆ ಹೊಸದಲ್ಲ. ಹಿಂದೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದಲೇ ಹೊಲಿಯುತ್ತಿದ್ದರು, ಮೊಳೆ ಇಲ್ಲದೆ. ಅದೇ ರೀತಿ ಗೋವಾದಲ್ಲಿ ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ ಹಡಗನ್ನು 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲೇ ನೌಕಾಪಡೆಗೆ ಸೇರಿಸಿದರು. ವ್ಯತ್ಯಾಸ ಏನೆಂದರೆ ಅದರಲ್ಲಿ ಹೊಲಿಗೆಯೇ ಕೊನೆವರೆಗೂ ಹಿಡಿದಿಡುತ್ತದೆ, ಒಡಲು ಅಲೆಯ ಜೊತೆ ಸ್ವಲ್ಪ ಬಾಗುತ್ತದೆ. ನಮ್ಮದರಲ್ಲಿ ಹೊಲಿಗೆ ತಾತ್ಕಾಲಿಕ, ಅಂಟು ಶಾಶ್ವತ.

ಈಗ ನಾನು ಮಾಡಿದ ತಪ್ಪುಗಳು. ಕೆರೆಏರಿಯವರೇ, ಇದನ್ನು ಗಮನವಿಟ್ಟು ಓದಿ.

ಪ್ಲೈವುಡ್. ಇಲ್ಲಿ ಮರೈನ್ ಪ್ಲೈ ಅಂದರೆ ಐಎಸ್ 710 ಗುರುತು ಇರುವುದು. ಆ ಮಾನದಂಡದಲ್ಲಿ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ನಾನು ತಂದ ಮೊದಲ ಹಾಳೆಗಳಲ್ಲಿ ಮುದ್ರೆ ಇತ್ತು. ಕತ್ತರಿಸಿದಾಗ ನೋಡಿದರೆ ಒಳಪದರದಲ್ಲಿ ಬೆರಳು ತೂರುವಷ್ಟು ಖಾಲಿ ಜಾಗ. ಗೋಡೆಗೆ, ಅಡುಗೆಮನೆ ಕಪಾಟಿಗೆ ಅದು ನಡೆಯುತ್ತದೆ. ಬಗ್ಗಿಸುವ ಹಾಳೆಗೆ ನಡೆಯುವುದಿಲ್ಲ, ಅಲ್ಲೇ ಮುರಿಯುತ್ತದೆ. ಎರಡನೆಯ ಸಲ ಒಂದು ತುಂಡು ಕೇಳಿ ತಂದು ಮನೆಯಲ್ಲಿ ಪಾತ್ರೆಯಲ್ಲಿಟ್ಟು ಕುದಿಸಿದೆ, ಒಣಗಿಸಿದೆ, ಮತ್ತೆ ಕುದಿಸಿದೆ. ಆಮೇಲೆ ಕೊಂಡೆ. ನಿಮ್ಮ ದೇಶದಲ್ಲಿ ಒಕೂಮೆ ಮರದ, ಬಿಎಸ್ 1088 ಅನ್ನುವ ಬ್ರಿಟಿಷ್ ಮಾನದಂಡದ ಪ್ಲೈ ಸಿಗುತ್ತದೆ. ಅದನ್ನೇ ತಗೊಳ್ಳಿ. 6 ಮಿಲಿಮೀಟರ್ ದಪ್ಪದ 8-4 ಅಡಿ ಹಾಳೆ ಅದರಲ್ಲಿ ಸುಮಾರು 8 ಕಿಲೋ. ನಮ್ಮಲ್ಲಿ ಸಿಗುವ ಗರ್ಜನ್ ಮರದ್ದು ಹನ್ನೆರಡು ದಾಟುತ್ತದೆ. ಐದು ಹಾಳೆಗೆ 20 ಕಿಲೋ ವ್ಯತ್ಯಾಸ. ಪಡುಗಡಲು ಅಣ್ಣನ ಮರಳಿನ ಚೀಲ ನೆನಪಿಸಿಕೊಳ್ಳಿ.

ಎಪಾಕ್ಸಿ. ಹಾರ್ಡನರ್, ಅಂದರೆ ಗಟ್ಟಿಮಾಡುವ ದ್ರವ, ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅಂತ ಸುಮ್ನೆ ಹೇಳುತ್ತಾರೆ. ಪಾಲಿಯೆಸ್ಟರ್ ರಾಳದ ಕೆಲಸ ಮಾಡಿದವರ ಅಭ್ಯಾಸ ಅದು. ಎಪಾಕ್ಸಿಯಲ್ಲಿ ಅಳತೆ ತಪ್ಪಿದರೆ ಅದು ಯಾವತ್ತೂ ಪೂರ್ತಿ ಗಟ್ಟಿಯಾಗುವುದಿಲ್ಲ. ತಕ್ಕಡಿಯಲ್ಲಿ ತೂಗಿ. ಕಲಸಿದ ಮೇಲೆ ಲೋಟದಲ್ಲೇ ಬಿಡಬೇಡಿ, ಬಿಸಿಯಾಗಿ ಹೊಗೆ ಬರುತ್ತದೆ. ಅಗಲವಾದ ತಟ್ಟೆಗೆ ಸುರಿಯಿರಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಮಳೆಗಾಲದಲ್ಲಿ ಆಗಿದ್ದು. ತೇವದ ಗಾಳಿಯಲ್ಲಿ ಎಪಾಕ್ಸಿ ಗಟ್ಟಿಯಾಗುವಾಗ ಮೇಲೆ ಮೇಣದಂಥ ಜಿಡ್ಡು ಪದರ ಕೂರುತ್ತದೆ. ಅದನ್ನು ಬರೀ ನೀರಿನಲ್ಲಿ ಉಜ್ಜಿ ತೊಳೆಯಬೇಕು, ತೊಳೆದ ಮೇಲೆ ಸ್ಯಾಂಡ್‌ಪೇಪರ್. ನಾನು ತೊಳೆಯದೆ ಉಜ್ಜಿದೆ, ಉಜ್ಜಿ ಮೇಲೊಂದು ಕೋಟು ಹಾಕಿದೆ. ಮೂರು ವಾರಕ್ಕೆ ಎಡಭಾಗದ ಇಡೀ ಪಟ್ಟಿ ಹಾಲಿನ ಕೆನೆ ಎತ್ತಿದ ಹಾಗೆ ಎದ್ದು ಬಂತು. ಅವತ್ತು ದೋಣಿ ಪಕ್ಕ ಕೂತು ತುಂಬಾ ಹೊತ್ತು ಎದ್ದೇಳಲೇ ಇಲ್ಲ. ಮತ್ತೆ ಕೆರೆದು, ಮತ್ತೆ ಹಾಕಿದೆ.

ಉಪ್ಪುಗಾಳಿ ಸರ್, ನನ್ನ ಉತ್ತರ ಇದೇ. ಆ ಎಡಭಾಗದ ಒಂದೊಂದು ಇಂಚೂ ನನಗೆ ಗೊತ್ತು. ಹೋದ ವರ್ಷ ಅಳಿವೆಯಲ್ಲಿ ಬಂಡೆ ತಾಗಿ ಅಲ್ಲೇ ಸೀಳಿತು. ದಡಕ್ಕೆ ಎಳೆದು, ಒಣಗಿಸಿ, ಪಟ್ಟಿ ಮತ್ತು ಅಂಟು ಹಾಕಿ ಮರುದಿನ ಮನೆಗೆ ಬಂದೆ. ಹೆದರಿಕೆ ಆಗಲಿಲ್ಲ. ಅದನ್ನು ಮೊದಲೇ ಒಂದು ಸಲ ಮಾಡಿದ್ದೆನಲ್ವಾ.

ಕೈಗೆ ಗ್ಲೌಸ್ ಬಿಡಬೇಡಿ. ಎಪಾಕ್ಸಿಗೆ ಚರ್ಮ ಒಂದು ಸಲ ಒಗ್ಗದೇ ಹೋದರೆ ಆಮೇಲೆ ಪ್ರತಿ ಸಲವೂ ತುರಿಕೆ ಬರುತ್ತದೆ. ಕೊನೆಗೆ ಬಣ್ಣ ಹಚ್ಚಲೇಬೇಕು, ಬಿಸಿಲಿಗೆ ಎಪಾಕ್ಸಿ ಹಾಳಾಗುತ್ತದೆ.

ಉಪ್ಪುಗಾಳಿ

ಬಂಡೆಯ ಮಾತು ಒಪ್ಪಿದೆ. ನನ್ನ ಫೈಬರ್ ದೋಣಿಗೆ ಹಾಗಾಗಿದ್ದರೆ ನಾನು ಫೋನ್ ಮಾಡುತ್ತಿದ್ದೆ.

ಕೆರೆಏರಿ

ಕಾಳಿಅಳಿವೆಯವರೇ, ಇದನ್ನು ಪ್ರಿಂಟ್ ತೆಗೆದು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇನೆ. ಫ್ಲಾರಿಡಾ ಬೇಸಿಗೆಯೂ ಪೂರ್ತಿ ತೇವವೇ. ಹಾಗಾಗಿ ಅಂಟಿನ ಕೆಲಸವನ್ನೆಲ್ಲ ನವೆಂಬರ್‌ನಿಂದ ಫೆಬ್ರವರಿಗೆ ಇಟ್ಟುಕೊಳ್ಳುತ್ತೇನೆ.

ಪಡುಗಡಲು ಅಣ್ಣ, ಮರಳಿನ ಚೀಲ ಎಳೆದೆ. ಒಣ ಮರಳಲ್ಲಿ ಉರುಳೆ ಇಲ್ಲದೆ 95 ಕಿಲೋಗೆ ನಿಂತೆ. ಗಾಳಿ ತುಂಬಿದ ಎರಡು ಉರುಳೆ ಹಾಕಿದರೆ 180 ಬಂತು.

ಇನ್ನೊಂದು ಗೊಂದಲ ಇದೆ. ಈ ದಾರಿಯಲ್ಲಿ ನೀರೇ ಇಲ್ಲದ ಜಾಗ ಜಾಸ್ತಿ. ಎರಡನೆಯ ತಪಾಸಣೆ ಜಾಗ ಚೋಕೋಲೋಸ್ಕಿಯಲ್ಲಿ ಇಳಿತದ ಹೊತ್ತಿಗೆ ಬಂದರೆ ಬರೀ ಕೆಸರು. ಮೂರನೆಯದು ಫ್ಲಮಿಂಗೊ. ಅದರಾಚೆ ಫ್ಲಾರಿಡಾ ಬೇ, ಎಷ್ಟೋ ಕಡೆ ಮೊಣಕಾಲುದ್ದವೂ ಇಲ್ಲ. ಮೊದಲನೆಯ ತಪಾಸಣೆಗೆ ಹೋಗುವಾಗ ತಗ್ಗು ಸೇತುವೆಯ ಕೆಳಗೆ ನುಸುಳಬೇಕು, ಹಾಯಿಕಂಬ ಇಳಿಸಬೇಕು. ಎತ್ತರದ ಕಂಬ ಒಬ್ಬನೇ ಇಳಿಸಲಾಗುವುದಿಲ್ಲ. ಸೆಂಟರ್‌ಬೋರ್ಡ್, ಅಂದರೆ ತಳದಿಂದ ನೀರಿಗೆ ಇಳಿಬಿಡುವ ಹಲಗೆ, ಆಳ ಇದ್ದರೆ ಕೆಸರಿಗೆ ಕಚ್ಚುತ್ತದೆ. ಇಲ್ಲದಿದ್ದರೆ ದೋಣಿ ಗಾಳಿಗೆ ಪಕ್ಕಕ್ಕೆ ಜಾರುತ್ತದೆ. ಏನು ಮಾಡಲಿ?

ಉಪ್ಪುಗಾಳಿ

ಇದಕ್ಕೆ ಮ್ಯಾಟ್ ಲೇಡನ್ ಅವರ ದೋಣಿಗಳನ್ನು ನೋಡಿ. ಅವರೂ ಈ ಓಟ ಮಾಡಿದವರೇ. ಅವರ ಪ್ಯಾರಡಾಕ್ಸ್ ದೋಣಿ 14 ಅಡಿಗಿಂತ ಕಡಿಮೆ ಉದ್ದ, ಒಳಗೇ ಮಲಗಬಹುದು, ಸೆಂಟರ್‌ಬೋರ್ಡೇ ಇಲ್ಲ. ತಳ ಮತ್ತು ಪಕ್ಕ ಸೇರುವ ಮೂಲೆಯಲ್ಲಿ ನೀರಿನ ಮಟ್ಟದ ಕೆಳಗೆ ಉದ್ದಕ್ಕೂ ಒಂದು ಕಿರಿದಾದ ಹಲಗೆ, ರೆಕ್ಕೆಯಂತೆ ಚಾಚಿರುತ್ತದೆ. ಪಕ್ಕಕ್ಕೆ ಜಾರುವುದನ್ನು ಅದು ತಡೆಯುತ್ತದೆ. ಸುಮಾರು ಮುಕ್ಕಾಲು ಅಡಿ ನೀರಿದ್ದರೆ ಸಾಕು. ತುಂಬ ಯೋಚಿಸಿ ಮಾಡಿದ ಕೆಲಸ. ಆದರೆ ಅದು ಭಾರದ ದೋಣಿ, ಮೊದಲ ಸಲಕ್ಕೆ ಕಷ್ಟ.

ವೇಗ ಬೇಕು ಅಂದರೆ ಉತ್ತರ ಕ್ಯಾರೊಲೈನಾದ ಗ್ರಹಾಂ ಬರ್ನ್ಸ್ ಅವರ ಕೋರ್ ಸೌಂಡ್ ಮಾದರಿಗಳಿವೆ. ಎರಡು ಗಿಡ್ಡ ಕಂಬ, ಪಕ್ಕದಿಂದ ಕಟ್ಟುವ ತಂತಿ ಇಲ್ಲ, ಹಾಗೇ ಎತ್ತಿ ಮಲಗಿಸಬಹುದು. ಈ ಓಟಕ್ಕೆಂದೇ ಅವರು ಇಸಿ 22 ಅನ್ನುವ ದೋಣಿಯನ್ನೂ ಮಾಡಿದ್ದರು. ನಿಮಗೆ ಒಬ್ಬರಿಗೆ 15 ಅಡಿಯದು ಸಾಕು ಅನ್ನಿಸುತ್ತದೆ.

ಮಳೆನಾಡು_ಸಿಯಾಟಲ್

ತಡವಾಗಿ ಬರುತ್ತಿದ್ದೇನೆ. ನಾನು ತೀರ್ಥಹಳ್ಳಿಯವಳು, ಈಗ ಸಿಯಾಟಲ್. ಇಲ್ಲಿ 2015ರಲ್ಲಿ ರೇಸ್ ಟು ಅಲಾಸ್ಕಾ ಶುರುವಾಯಿತು. ಪೋರ್ಟ್ ಟೌನ್‌ಸೆಂಡ್‌ನಿಂದ ಕೆಚಿಕ್ಯಾನ್‌ವರೆಗೆ 750 ಮೈಲಿ, ಮೋಟಾರ್ ಇಲ್ಲ, ಹೊರಗಿನ ಸಹಾಯ ಇಲ್ಲ. ಮೊದಲು ಬಂದವರಿಗೆ 10,000 ಡಾಲರ್, ಎರಡನೆಯವರಿಗೆ ಒಂದು ಸೆಟ್ ಚಾಕು. 2017ರಲ್ಲಿ ಕಾರ್ಲ್ ಕ್ರೂಗರ್ ಒಂದು ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತಲೇ ಅಷ್ಟೂ ದೂರ ಹೋದರು. 2018ರಲ್ಲಿ ಹೆಂಗಸರೇ ಇದ್ದ ತಂಡ ಗೆದ್ದಾಗ ನಾನು ಆಫೀಸಿನಲ್ಲಿ ಕೂತು ನಕಾಶೆಯ ಮೇಲಿನ ಚುಕ್ಕಿ ನೋಡುತ್ತಾ ಅತ್ತಿದ್ದೆ.

ಇಲ್ಲಿನ ಕಷ್ಟ ಬೇರೆ. ಸೆಮೂರ್ ನ್ಯಾರೋಸ್ ಅನ್ನುವ ಇಕ್ಕಟ್ಟಿನಲ್ಲಿ ನೀರಿನ ಸೆಳೆತ 15 ನಾಟ್‌ವರೆಗೆ, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್‌ವರೆಗೆ ಹೋಗುತ್ತದೆ. ಯಾವ ಹುಟ್ಟಿಗೂ ಅದು ಬಗ್ಗುವುದಿಲ್ಲ. ನೀರು ತಿರುಗುವ ಹೊತ್ತಿಗೆ ಕಾದು ಹೋಗಬೇಕು. ತೇಲುವ ಮರದ ದಿಮ್ಮಿಗಳು ಬೇರೆ. ನೀರಿಗೆ ಬಿದ್ದರೆ ಚಳಿಯೇ ಮೊದಲ ಶತ್ರು.

ಕೆರೆಏರಿಯವರೇ, ನಿಮ್ಮ ನೀರು ಬೆಚ್ಚಗಿದೆ ಅಂತ ಸಡಿಲ ಬಿಡಬೇಡಿ. 2015ರಲ್ಲಿ ನಿಮ್ಮ ಓಟದ ಶುರುವಿನಲ್ಲೇ ಟ್ಯಾಂಪಾ ಬೇಯಲ್ಲಿ ಗಾಳಿ ಎದ್ದು ಹಲವರು ಮಗುಚಿದರು. ಕೋಸ್ಟ್ ಗಾರ್ಡ್ ಓಟವನ್ನೇ ನಿಲ್ಲಿಸಿತು. ಮಾರ್ಚ್‌ನಲ್ಲಿ ಅಲ್ಲಿ ಚಳಿಗಾಳಿಯ ಅಲೆ ಹಾದುಹೋಗುತ್ತದೆ. ಮೊದಲು ದಕ್ಷಿಣದ ಗಾಳಿ, ಆಮೇಲೆ ಒಮ್ಮೆಲೇ ವಾಯವ್ಯಕ್ಕೆ ತಿರುಗಿ ಜೋರಾಗುತ್ತದೆ. ಕಾದವರಿಗೆ ಅದೇ ಗಾಳಿ ಬೆನ್ನಿಗೆ ಸಿಗುತ್ತದೆ.

ಮಗುಚಿದ ದೋಣಿಯನ್ನು ನೀವೊಬ್ಬರೇ ನೇರ ಮಾಡಿ, ಹತ್ತಿ, ನೀರು ಚೆಲ್ಲಿ ಮುಂದೆ ಹೋಗಲು ಆಗುತ್ತದಾ? ಸಾಮಾನು ತುಂಬಿರುವಾಗ? ಅಲೆ ಇರುವಾಗ? ಇದಕ್ಕೆ ಹೌದು ಅನ್ನುವವರೆಗೆ ಹೊರಡಬೇಡಿ. ಲೈಫ್ ಜಾಕೆಟ್, ವಿಎಚ್‌ಎಫ್ ರೇಡಿಯೋ, ಉಪಗ್ರಹಕ್ಕೆ ಸಂಕೇತ ಕಳಿಸುವ ಬೀಕನ್ ಎಲ್ಲವೂ ಮೈಮೇಲೆ ಇರಲಿ. ದೋಣಿಯಲ್ಲಿಟ್ಟರೆ, ದೋಣಿ ಕೈಬಿಟ್ಟುಹೋದ ದಿನ ಅವೂ ಹೋಗುತ್ತವೆ.

ಪಡುಗಡಲು

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಮ್ಮ ಕಡೆ ಈಜು ಬಂದವರೂ ಹೋಗಿದ್ದಾರೆ, ದೋಣಿ ಕೈಗೆ ಸಿಗದೆ. ಒಂದು ಹಗ್ಗದಿಂದ ದೋಣಿಗೆ ನಿಮ್ಮನ್ನು ಕಟ್ಟಿಕೊಳ್ಳಿ, ಬೇಗ ಬಿಚ್ಚಲು ಬರುವ ಕೊಕ್ಕೆ ಹಾಕಿ.

ಕೆರೆಏರಿ

ಹದಿನಾಲ್ಕು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ದೋಣಿ ಆಗಿದೆ.

15 ಅಡಿ, ಒಕೂಮೆ ಪ್ಲೈ, ಎರಡು ಕಂಬ. ಉಪ್ಪುಗಾಳಿಯವರ ಮಾತನ್ನೂ ಬಿಡಲಿಲ್ಲ. ಕಟ್ಟುವ ಅಷ್ಟೂ ದಿನ ಹಳೆಯ ಕಯಾಕ್ ಒಂದನ್ನು ಕೊಂಡು ಪ್ರತಿ ಭಾನುವಾರ ನೀರಿಗೆ ಇಳಿದೆ. ಅದರಲ್ಲೇ ಎರಡು ರಾತ್ರಿ ಕಾಂಡ್ಲಾ ಕಾಡಿನ ಪಕ್ಕ ಕಳೆದೆ. ಅಲ್ಲಿನ ನೊರಜು ಬಲೆಯ ಕಣ್ಣಿನಲ್ಲೂ ತೂರುತ್ತವೆ. ಹಾಗಾಗಿ ದೋಣಿಯ ಡೇರೆಗೆ ಇನ್ನೂ ಸಣ್ಣ ಕಣ್ಣಿನ ಬಲೆ ಹೊಲಿಸಿದೆ. ಮಗಳು ತಾಮ್ರದ ತಂತಿ ತಿರುಚಿದಳು. ಹಾಳೆಗಳು ಮೇಲೆದ್ದ ಆ ಮಧ್ಯಾಹ್ನ, ಕಾಳಿಅಳಿವೆಯವರೇ, ನೀವು ಹೇಳಿದ ಹಾಗೇ ಇತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆದರೆ ಮೊನ್ನೆ ಮಗುಚುವ ಪರೀಕ್ಷೆಯಲ್ಲಿ ಸೋತೆ. ಸಾಮಾನು ತುಂಬಿ, ಎದೆಮಟ್ಟದ ನೀರಿನಲ್ಲಿ ಗೆಳೆಯನನ್ನು ಪಕ್ಕ ನಿಲ್ಲಿಸಿಕೊಂಡು ಮಗುಚಿದೆ. ನೇರ ಮಾಡಿದೆ. ಹತ್ತಲು ಆಗಲಿಲ್ಲ. ಮೂರು ಸಲವೂ ಪಕ್ಕದ ಅಂಚು ನನ್ನ ಭಾರಕ್ಕೆ ಮುಳುಗಿ ಮತ್ತೆ ನೀರು ತುಂಬಿತು. ನಾಲ್ಕನೆಯ ಸಲ ತೋಳಿನಲ್ಲಿ ಶಕ್ತಿ ಇರಲಿಲ್ಲ.

ಅದಕ್ಕೇ ಮುಂದಿನ ಮಾರ್ಚ್‌ಗೆ 300 ಮೈಲಿ ಬೇಡ ಅಂತ ತೀರ್ಮಾನಿಸಿದೆ. ಅದೇ ದಿನ, ಅದೇ ದಡದಿಂದ ಮೊದಲ ತಪಾಸಣೆಯವರೆಗೆ ಮಾತ್ರ ಹೋಗುವ ಅಲ್ಟ್ರಾ ಮ್ಯಾರಥಾನ್ ಇದೆ, ಸುಮಾರು 60 ಮೈಲಿ. ಅದಕ್ಕೆ ಹೆಸರು ಕೊಡುತ್ತೇನೆ. ಬೇಜಾರಿದೆ, ಆದರೆ ಇದು ಸರಿ ಅನ್ನಿಸುತ್ತಿದೆ. ಹತ್ತುವ ದಾರಿ ಗೊತ್ತಿದ್ದವರು ಹೇಳಿ.

ಕಾಳಿಅಳಿವೆ

ಹಿಂಭಾಗದಿಂದ ಹತ್ತಿ, ಪಕ್ಕದಿಂದ ಬೇಡ. ಚುಕ್ಕಾಣಿಯ ಪಕ್ಕ ಹಗ್ಗದ ಒಂದು ಕುಣಿಕೆ ಇಳಿಬಿಡಿ, ಮೊಣಕಾಲುದ್ದ ನೀರಿನೊಳಗೆ ಇರುವ ಹಾಗೆ. ಕುಣಿಕೆಯ ತುಳಿಯುವ ಜಾಗಕ್ಕೆ ಪೈಪಿನ ತುಂಡು ತೂರಿಸಿ, ಇಲ್ಲದಿದ್ದರೆ ಹಗ್ಗ ಪಾದವನ್ನು ಹಿಂಡುತ್ತದೆ. ಒಳಗಡೆ ಕೈಗೆ ಸಿಗುವ ಹಾಗೆ ಇನ್ನೊಂದು ಹಗ್ಗ. ಪಕ್ಕದ ಗಾಳಿಗೂಡುಗಳ (ದೋಣಿ ಮುಳುಗದಂತೆ ತೇಲಿಸುವ ಮುಚ್ಚಿದ ಖಾಲಿ ಗೂಡು) ಮುಚ್ಚಳ ನೀರು ಬಿಡುತ್ತಿದೆಯಾ ಅಂತಲೂ ನೋಡಿ. ಅಂಚು ಅಷ್ಟು ಬೇಗ ಮುಳುಗುತ್ತದೆ ಅಂದರೆ ಒಳಗೆ ನೀರು ಸೇರಿರಬಹುದು.

ಮಳೆನಾಡು_ಸಿಯಾಟಲ್

60 ಮೈಲಿಯ ನಿರ್ಧಾರ ಓದಿ ನೆಮ್ಮದಿ ಆಯಿತು.

ಕೆರೆಏರಿ

ಕಾಳಿಅಳಿವೆಯವರೇ, ಎಡಗಡೆಯ ಗಾಳಿಗೂಡಿನಲ್ಲಿ ನಿಜವಾಗಿಯೂ ಒಂದು ಬಕೆಟ್ ನೀರಿತ್ತು! ಮುಚ್ಚಳದ ರಬ್ಬರ್ ಬದಲಾಯಿಸಿದೆ. ಕುಣಿಕೆ ಕಟ್ಟಿ ನಿನ್ನೆ ಸಂಜೆ ಮತ್ತೆ ಮಗುಚಿದೆ. ಐದಕ್ಕೆ ನಾಲ್ಕು ಸಲ ಹತ್ತಿದೆ. ಸಾಮಾನಿನ ಸಮೇತ, ಗೆಳೆಯ ಮುಟ್ಟದೆ.

ಪಡುಗಡಲು

ಐದನೆಯ ಸಲ ಯಾಕೆ ಆಗಲಿಲ್ಲ? ಅದನ್ನು ಬರೆಯಿರಿ ಮಾರಾಯ್ರೆ. ಮತ್ತೆ ದೋಣಿಯ ತೂಕ ಎಷ್ಟಾಯಿತು?

ಕೆರೆಏರಿ

ಸಾಮಾನು, ನೀರು ಎಲ್ಲ ಸೇರಿ 172 ಕಿಲೋ. ಉರುಳೆ ಹಾಕಿ ಒಣ ಮರಳಲ್ಲಿ ಎಳೆದೆ ಅಣ್ಣ, ಬಂತು. ಐದನೆಯ ಸಲ ಹಾಯಿಯ ಹಗ್ಗ ಕಾಲಿಗೆ ಸುತ್ತಿಕೊಂಡಿತು. ಶನಿವಾರ ಹಗ್ಗದ ದಾರಿ ಬದಲಾಯಿಸಿ ಮತ್ತೆ ನೋಡುತ್ತೇನೆ.